ಡಾರ್ಟ್‌ಮೂರ್ ಗುಡ್ಡದ ಕುರಿ ಲೆಕ್ಕ

ನಮ್ಮ ಸಂಘದ ಫೋಟೋ ಆಲ್ಬಮ್ ತೆಗೆದರೆ ಪ್ರತಿ ವರ್ಷವೂ ಒಂದು ಫೋಟೋ ಗ್ಯಾರಂಟಿ. ಹಿಂದೆ ಹೇಟಾರ್ ಬಂಡೆ, ಮುಂದೆ ಜಾಕೆಟ್ ಹಾಕ್ಕೊಂಡು ನಡುಗುತ್ತಾ ನಗುತ್ತಿರುವ ಹತ್ತು ಹನ್ನೆರಡು ಜನ ಕನ್ನಡಿಗರು, ಪಕ್ಕದಲ್ಲಿ ಯಾರಿಗೂ ಕ್ಯಾರೇ ಅನ್ನದೆ ಮೇಯುತ್ತಿರುವ ಒಂದು ಕುದುರೆ. ಇನ್‌ಸ್ಟಾಗ್ರಾಂನಲ್ಲಿ ಆ ಕುದುರೆಗೆ 'ವೈಲ್ಡ್ ಪೋನಿ' ಅಂತ ಹೆಸರು ಬೀಳುತ್ತದೆ. ಆದರೆ ಡಾರ್ಟ್‌ಮೂರಿನಲ್ಲಿ ಯಜಮಾನ ಇಲ್ಲದ ಕುದುರೆ ಒಂದೂ ಇಲ್ಲ. ಶರತ್ಕಾಲ ಬಂತು ಅಂದರೆ ಗುಡ್ಡದ ಮೇಲಿನ ಕುದುರೆಗಳನ್ನೆಲ್ಲ ಅಟ್ಟಿಕೊಂಡು ಬಂದು ದೊಡ್ಡಿಗೆ ಕೂಡುತ್ತಾರೆ, ಯಾರದ್ದು ಯಾವುದು ಅಂತ ಗುರುತು ನೋಡಿ ಬೇರೆ ಮಾಡುತ್ತಾರೆ, ಮರಿಗಳಿಗೆ ಗುರುತು ಹಾಕುತ್ತಾರೆ. ಇದಕ್ಕೆ ಅವರು 'ಡ್ರಿಫ್ಟ್' ಅನ್ನುತ್ತಾರೆ. ಕುರಿಗಳಿಗೂ ಹಾಗೇ, ದನಗಳಿಗೂ ಹಾಗೇ. ಬೇಲಿ ಇಲ್ಲದೆ ಅಡ್ಡಾಡುವ ಪ್ರತಿಯೊಂದು ಪ್ರಾಣಿಯ ಹಿಂದೆಯೂ ಬೆಳಗಾಗೆದ್ದು ಅದನ್ನು ಹುಡುಕಿಕೊಂಡು ಹೋಗುವ ಒಂದು ಮನೆ ಇದೆ.

ಈ ಪ್ರಾಣಿಗಳು ಗುಡ್ಡದ ಮೇಲೆ ಎಷ್ಟಿರಬೇಕು ಅನ್ನುವುದರ ಬಗ್ಗೆ ಕೆಲವು ವರ್ಷಗಳಿಂದ ಇಲ್ಲಿ ದೊಡ್ಡ ಜಗಳ ನಡೆಯುತ್ತಿದೆ. ನಾವು ಓದುವ ಊರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಜಗಳ. ಆದರೂ ನಮ್ಮ ಹುಡುಗರಲ್ಲಿ ಇದರ ಬಗ್ಗೆ ಕೇಳಿದವರೇ ಕಮ್ಮಿ. ನಾನು ಓದುತ್ತಿರುವುದು ಡೇಟಾ ಸೈನ್ಸ್, ಲೆಕ್ಕ ಮಾಡುವುದೇ ನನ್ನ ಕೋರ್ಸು. ಅದಕ್ಕೇ ಇರಬೇಕು, ಒಂದು ಇಡೀ ಗುಡ್ಡದ ಹಣೆಬರಹವನ್ನು 'ಹೆಕ್ಟೇರಿಗೆ ಇಷ್ಟು ಕುರಿ' ಎಂಬ ಒಂದೇ ಸಂಖ್ಯೆಯಲ್ಲಿ ಬರೆಯಲು ಹೊರಟರೆ ನನಗೆ ಅನುಮಾನ ಬರುತ್ತದೆ. ನನ್ನ ವಾದ ಇಷ್ಟೇ: ಕುರಿ ಎಷ್ಟು ಅಂತ ಕೇಳುವ ಮೊದಲು ಯಾವ ಪ್ರಾಣಿ, ಯಾವ ತಿಂಗಳು, ಗುಡ್ಡದ ಯಾವ ಭಾಗ, ನೋಡಿಕೊಳ್ಳುವವರು ಯಾರು ಅಂತ ಕೇಳಬೇಕು. ಹಾಗೆ ಕೇಳದೆ ಇದ್ದರೆ ಹುಲ್ಲೂ ಕೆಡುತ್ತದೆ, ಪ್ರಾಣಿಯೂ ನರಳುತ್ತದೆ.

ಮೊದಲು ಜಾಗದ ವಿಷಯ. ಡಾರ್ಟ್‌ಮೂರ್ 1951ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು, ವಿಸ್ತೀರ್ಣ 954 ಚದರ ಕಿಲೋಮೀಟರ್. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು 'ಕಾಮನ್' ಭೂಮಿ. ಕಾಮನ್ ಅಂದ ತಕ್ಷಣ ನಮ್ಮ ತಲೆಯಲ್ಲಿ ಗೋಮಾಳ ಬರುತ್ತದೆ, ಆದರೆ ಎರಡೂ ಒಂದೇ ಅಲ್ಲ. ನಮ್ಮ ಗೋಮಾಳ ಸರ್ಕಾರದ ಜಮೀನು. ಇಲ್ಲಿನ ಕಾಮನ್‌ಗೆ ಮಾಲೀಕ ಇರುತ್ತಾನೆ. ಮಧ್ಯದ ದೊಡ್ಡ ಭಾಗ ಡಚಿ ಆಫ್ ಕಾರ್ನ್‌ವಾಲ್‌ಗೆ, ಅಂದರೆ ಯುವರಾಜರ ಎಸ್ಟೇಟಿಗೆ ಸೇರಿದ್ದು. ಮಣ್ಣು ಅವರದ್ದು, ಮೇಲಿನ ಮೇವು ಸುತ್ತಲಿನ ರೈತರದ್ದು. ಆ ಮೇವಿನ ಹಕ್ಕು ಇರುವವರಿಗೆ 'ಕಾಮನರ್' ಅಂತ ಹೆಸರು. ಹಕ್ಕು ವ್ಯಕ್ತಿಗಿಂತ ಹೆಚ್ಚಾಗಿ ಅವರ ಹೊಲಮನೆಗೆ ಅಂಟಿಕೊಂಡಿರುತ್ತದೆ, ಶತಮಾನಗಳಿಂದ ಹಾಗೇ ನಡೆದುಕೊಂಡು ಬಂದಿದೆ.

ಎಷ್ಟು ಪ್ರಾಣಿ ಬಿಡಬಹುದು ಅನ್ನುವುದಕ್ಕೆ ಹಳೇ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಒಂದು ಚೆಂದದ ಸೂತ್ರ ಇತ್ತು. 'ಲೆವೆಂಟ್ ಅಂಡ್ ಕೂಚೆಂಟ್' ಅನ್ನುತ್ತಿದ್ದರು. ಫ್ರೆಂಚ್ ಮೂಲದ ಮಾತು, ಅಕ್ಷರಶಃ ಅರ್ಥ 'ಏಳುವ ಮತ್ತು ಮಲಗುವ'. ಚಳಿಗಾಲದಲ್ಲಿ ನಿನ್ನ ಸ್ವಂತ ಹೊಲದ ಮೇವಿನಿಂದ ಎಷ್ಟು ಪ್ರಾಣಿ ಸಾಕಲು ಆಗುತ್ತದೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಗುಡ್ಡಕ್ಕೆ ಬಿಡು. ಅಂದರೆ ಗುಡ್ಡದ ಮಿತಿಯನ್ನು ರೈತನ ಕಣಜದ ಮಿತಿಗೆ ಕಟ್ಟಿಹಾಕಿದ್ದರು. ಯಾವ ಸರ್ವೇಯೂ ಬೇಡ, ಎಕ್ಸೆಲ್ ಶೀಟೂ ಬೇಡ. ಅಷ್ಟೇ ಅಲ್ಲ, ಈ ಸೂತ್ರದಲ್ಲಿ ಪ್ರಾಣಿಯ ಕ್ಷೇಮವೂ ಅಡಗಿದೆ. ಚಳಿಯಲ್ಲಿ ಹೊಟ್ಟೆಗಿಡಲು ಆಗದವನು ಸಾಕಬಾರದು ಅಂತ ತಾನೇ ಅದರ ಅರ್ಥ?

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಸಿದ್ಧ ಲೇಖನ ನಮ್ಮಲ್ಲಿ ಎಕನಾಮಿಕ್ಸ್ ಓದುವವರಿಗೆಲ್ಲ ಗೊತ್ತು. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ, ಇನ್ನೊಂದು ದನ ಅಂತ ಬಿಡುತ್ತಾ ಹೋಗಿ ಕೊನೆಗೆ ಹುಲ್ಲುಗಾವಲೇ ಹಾಳಾಗುತ್ತದೆ ಅನ್ನುವುದು ಅದರ ವಾದ. ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಸ್ವಿಟ್ಜರ್ಲೆಂಡಿನ ಗುಡ್ಡಗಾಡಿನ ಹುಲ್ಲುಗಾವಲು, ಜಪಾನಿನ ಹಳ್ಳಿಗಳ ಕಾಡು, ಇಂಥವುಗಳನ್ನು ಜನರೇ ನಿಯಮ ಮಾಡಿಕೊಂಡು ನೂರಾರು ವರ್ಷ ಕಾಪಾಡಿದ್ದಾರೆ ಅಂತ ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಡಾರ್ಟ್‌ಮೂರ್ ಜಗಳದಲ್ಲಿ ಇಬ್ಬರ ಹೆಸರೂ ಆಗಾಗ ಎಳೆದುಕೊಂಡು ಬರುತ್ತಾರೆ. ನನ್ನ ಪ್ರಕಾರ ಇಲ್ಲಿ ನಡೆದ ಕಥೆ ಹಾರ್ಡಿನ್ ಹೇಳಿದ್ದಲ್ಲ. ಹಾರ್ಡಿನ್ ಕಥೆಯ ಕುರುಬನಿಗೆ ಇನ್ನೊಂದು ದನ ಬಿಡು ಅಂತ ಹೇಳಿದ್ದು ಅವನ ಆಸೆ. ಇಲ್ಲಿನ ರೈತನಿಗೆ ಹಾಗೆ ಹೇಳಿದ್ದು ಸರ್ಕಾರ.

ಸ್ವಲ್ಪ ಹಿಂದಕ್ಕೆ ಹೋಗೋಣ. 1965ರ ಕಾಮನ್ಸ್ ರಿಜಿಸ್ಟ್ರೇಷನ್ ಕಾಯ್ದೆ ಬಂದಾಗ ಎಲ್ಲರೂ ತಮ್ಮ ಹಕ್ಕನ್ನು ಒಂದು ಸಂಖ್ಯೆಯಾಗಿ ಬರೆಸಬೇಕಾಯಿತು. ಬರೆಸುವಾಗ ಯಾರು ತಾನೇ ಕಮ್ಮಿ ಬರೆಸುತ್ತಾರೆ? ಎಷ್ಟೋ ಕಡೆ ಗುಡ್ಡ ತಾಳುವುದಕ್ಕಿಂತ ಹೆಚ್ಚು ಪ್ರಾಣಿಗಳು ಕಾಗದದ ಮೇಲೆ ಹುಟ್ಟಿಕೊಂಡವು. 'ಏಳುವ-ಮಲಗುವ' ಸೂತ್ರ ಹೋಗಿ ರಿಜಿಸ್ಟರಿನ ನಂಬರ್ ಬಂತು. 1973ರಲ್ಲಿ ಬ್ರಿಟನ್ ಯುರೋಪಿನ ಕೂಟಕ್ಕೆ ಸೇರಿತು. ಅದಾದ ಮೇಲೆ ಗುಡ್ಡಗಾಡಿನ ರೈತರಿಗೆ ತಲೆ ಎಣಿಸಿ ಸಬ್ಸಿಡಿ ಕೊಡುವ ಪದ್ಧತಿ ಜೋರಾಯಿತು. ಕುರಿ ಹೆಚ್ಚಿದಷ್ಟೂ ದುಡ್ಡು. ಎಪ್ಪತ್ತು ಎಂಬತ್ತರ ದಶಕದಲ್ಲಿ ಗುಡ್ಡದ ಮೇಲೆ ಕುರಿಗಳ ಸಂಖ್ಯೆ ಏರಿತು. ಅದಕ್ಕಿಂತ ಮುಖ್ಯವಾಗಿ, ಮೊದಲು ಚಳಿಗಾಲಕ್ಕೆ ಕೆಳಗಿಳಿಯುತ್ತಿದ್ದ ಪ್ರಾಣಿಗಳು ವರ್ಷಪೂರ್ತಿ ಮೇಲೇ ಉಳಿಯತೊಡಗಿದವು.

ಇದರಿಂದ ಆದ ಹಾನಿ ನಿಜವಾದದ್ದು, ರೈತರ ಪರ ಮಾತಾಡುವವರೂ ಇದನ್ನು ಒಪ್ಪಿಕೊಂಡೇ ಮಾತಾಡಬೇಕು. ಹೇಗೆ ಅಂತ ಹೇಳುತ್ತೇನೆ. ಗುಡ್ಡದ ಮೇಲೆ ಹೆದರ್ ಅಂತ ಒಂದು ಕುರುಚಲು ಗಿಡ ಇದೆ (ಹೆಸರು ಕೇಳಿ ಹೆದರಬೇಡಿ), ಆಗಸ್ಟ್‌ನಲ್ಲಿ ಗುಡ್ಡಕ್ಕೆ ನೇರಳೆ ಬಣ್ಣ ಬಳಿಯುವುದು ಅದೇ. ಅದು ಚಳಿಗಾಲದಲ್ಲೂ ಹಸಿರಾಗಿರುತ್ತದೆ. ಹುಲ್ಲೆಲ್ಲ ಒಣಗಿದ ಡಿಸೆಂಬರ್, ಜನವರಿಯಲ್ಲಿ ಗುಡ್ಡದ ಮೇಲೆ ಹಸಿದ ಕುರಿ ಇದ್ದರೆ ಅದು ಬಾಯಿ ಹಾಕುವುದು ಹೆದರ್‌ಗೇ. ವರ್ಷ ವರ್ಷ ಹೀಗೆ ತಿಂದರೆ ಹೆದರ್ ಸಾಯುತ್ತದೆ. ಅದು ಬಿಟ್ಟ ಜಾಗಕ್ಕೆ ಮೊಲಿನಿಯಾ ಎಂಬ ಹುಲ್ಲು ನುಗ್ಗುತ್ತದೆ.

ಈ ಮೊಲಿನಿಯಾದ್ದೇ ಒಂದು ಪುರಾಣ. ಎತ್ತರಕ್ಕೆ ಗುಪ್ಪೆಗುಪ್ಪೆಯಾಗಿ ಬೆಳೆಯುತ್ತದೆ, ನಡೆಯಲು ಹೋದರೆ ಕಾಲು ಉಳುಕುವುದು ಖಂಡಿತ. ಮೇ ತಿಂಗಳಿಂದ ಬೇಸಿಗೆಯ ನಡುಭಾಗದವರೆಗೆ ಮಾತ್ರ ಎಳೆಯದಾಗಿದ್ದು ಪ್ರಾಣಿಗಳಿಗೆ ರುಚಿಸುತ್ತದೆ. ಆಮೇಲೆ ಒರಟಾಗಿ, ಚಳಿಗಾಲಕ್ಕೆ ಬಿಳಿಚಿ ಸತ್ತು, ಒಣಹುಲ್ಲಿನ ಹಾಸಿಗೆಯಂತೆ ಬಿದ್ದಿರುತ್ತದೆ. ಅದರ ಕೆಳಗೆ ಬೇರೆ ಯಾವ ಗಿಡಕ್ಕೂ ಬೆಳಕಿಲ್ಲ. ಮಾರ್ಚ್‌ನಲ್ಲಿ ನಾಲ್ಕು ದಿನ ಬಿಸಿಲು, ಗಾಳಿ ಬಂದರೆ ಒಂದು ಕಿಡಿ ಸಾಕು. ಕುರಿ ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ. ದನ ಮತ್ತು ಕುದುರೆ ತಿನ್ನುತ್ತವೆ, ತಿನ್ನುವುದಕ್ಕಿಂತ ಹೆಚ್ಚಾಗಿ ತುಳಿಯುತ್ತವೆ, ಆ ತುಳಿತದಿಂದಲೇ ಬೇರೆ ಗಿಡಗಳಿಗೆ ಸಂದು ಸಿಗುತ್ತದೆ. ಹಾಗಂತ ಮೊಲಿನಿಯಾ ಹರಡಲು ಪ್ರಾಣಿಗಳೊಂದೇ ಕಾರಣ ಅಲ್ಲ. ಹಳೇ ಕಾಲದಲ್ಲಿ ಜೌಗನ್ನು ಬಸಿದು ಒಣಗಿಸಿದ್ದು, ಪೀಟ್ ಮಣ್ಣು ಅಗೆದದ್ದು, ಬೆಂಕಿ ಹಾಕಿದ್ದು, ಗಾಳಿಯಲ್ಲಿ ಬರುವ ನೈಟ್ರೋಜನ್, ಎಲ್ಲಕ್ಕೂ ಪಾಲಿದೆ.

ಈಗ ವಿಚಿತ್ರ ನೋಡಿ. ಕುರಿ ಜಾಸ್ತಿಯಾಗಿ ಹೆದರ್ ಹೋಯಿತು, ಮೊಲಿನಿಯಾ ಬಂತು. ಅದನ್ನು ಸರಿಮಾಡಲು ತೊಂಬತ್ತರ ದಶಕದಿಂದ ಬಂದ ಪರಿಸರ ಯೋಜನೆಗಳು ಪ್ರಾಣಿ ಕಡಿಮೆ ಮಾಡಿ ಅಂತ ದುಡ್ಡು ಕೊಟ್ಟವು. ಕಡಿಮೆ ಮಾಡುವಾಗ ದನವೂ ಕಡಿಮೆಯಾಯಿತು, ಕುದುರೆಯೂ ಕಡಿಮೆಯಾಯಿತು. ಮೊಲಿನಿಯಾ ತಿನ್ನುವವರೇ ಇಲ್ಲದೆ ಅದು ಇನ್ನೂ ಕೊಬ್ಬಿತು. ಮೇಯದೆ ಬಿಟ್ಟ ಕಡೆ ಕಾಡು ಬರಲಿಲ್ಲ, ಹೂವಿನ ಗುಡ್ಡವೂ ಬರಲಿಲ್ಲ, ಒಂದೇ ಜಾತಿಯ ಹುಲ್ಲಿನ ಮರುಭೂಮಿ ಬಂತು. ಮೊಲಿನಿಯಾ ಬಿಟ್ಟು ಉಳಿದ ಚೂರುಪಾರು ಒಳ್ಳೇ ಹುಲ್ಲಿನ ಮೇಲೆ ಇರುವ ಪ್ರಾಣಿಗಳೆಲ್ಲ ಬಿದ್ದವು. ಆಗ ಒಂದೇ ಗುಡ್ಡದಲ್ಲಿ ಅತಿ ಮೇವೂ ಉಂಟು, ಮೇಯದೆ ಬಿಟ್ಟದ್ದೂ ಉಂಟು. ಸರಾಸರಿ ತೆಗೆದರೆ ಎಲ್ಲ ಸರಿಯಿದೆ ಅಂತ ಬರುತ್ತದೆ! ನಮ್ಮ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಮೊದಲ ವಾರವೇ ಹೇಳಿಕೊಡುವ ಪಾಠ, ಸರಾಸರಿ ಆಳ ಮೂರು ಅಡಿ ಅಂತ ಹೊಳೆ ದಾಟಲು ಹೋಗಬೇಡ ಅಂತ.

2023ರ ಶುರುವಿನಲ್ಲಿ ಜಗಳ ಸ್ಫೋಟವಾಯಿತು. ಸರ್ಕಾರದ ಪರಿಸರ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್, ಹಳೇ ಪರಿಸರ ಒಪ್ಪಂದಗಳನ್ನು ಮುಂದುವರಿಸಬೇಕಾದರೆ ಪ್ರಾಣಿಗಳನ್ನು, ಅದರಲ್ಲೂ ಚಳಿಗಾಲದಲ್ಲಿ, ಬಹಳ ಕಡಿಮೆ ಮಾಡಬೇಕು ಅಂತ ಕಾಮನರ್‌ಗಳಿಗೆ ತಿಳಿಸಿತು. ಡಾರ್ಟ್‌ಮೂರಿನ ದೊಡ್ಡ ದೊಡ್ಡ ಸಂರಕ್ಷಿತ ಭಾಗಗಳು ಸುಸ್ಥಿತಿಯಲ್ಲಿಲ್ಲ, ಅದು ನಿಜ. ಆದರೆ ಒಪ್ಪಂದದ ದುಡ್ಡು ನಿಂತರೆ ಎಷ್ಟೋ ಮನೆಗಳು ಮುಳುಗುತ್ತವೆ, ಅದೂ ನಿಜ. ಏಪ್ರಿಲ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಯಾಯಿತು. ಡೇವಿಡ್ ಫರ್ಸ್‌ಡನ್ ಅವರ ನೇತೃತ್ವದಲ್ಲಿ ಸ್ವತಂತ್ರ ಸಮಿತಿ ಕೂತು ಆ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಬರೀ ಸಂಖ್ಯೆಯ ಕಚ್ಚಾಟ ಬಿಟ್ಟು, ರೈತರು, ಮಾಲೀಕರು, ಪರಿಸರದವರು, ಇಲಾಖೆಯವರು ಒಂದೇ ಮೇಜಿನ ಸುತ್ತ ಕೂರುವ ಒಂದು ಗುಂಪು ಬೇಕು ಅಂದಿತು. ಮೊಲಿನಿಯಾ ಹತೋಟಿಗೆ ಬೇಸಿಗೆಯಲ್ಲಿ ದನ, ಕುದುರೆ ಬೇಕು ಅಂತಲೂ ಹೇಳಿತು. ಅಲ್ಲಿಗೆ ಮುಗಿಯಲಿಲ್ಲ. ಕಾಮನರ್ಸ್ ಕೌನ್ಸಿಲ್ ತನ್ನ ಕರ್ತವ್ಯ ಮಾಡುತ್ತಿಲ್ಲ, ಅತಿಯಾಗಿ ಮೇಯಿಸಲು ಬಿಡುತ್ತಿದೆ ಅಂತ ವೈಲ್ಡ್ ಜಸ್ಟಿಸ್ ಎಂಬ ಸಂಸ್ಥೆ ತಕರಾರು ತೆಗೆದು 2025ರಲ್ಲಿ ವಿಷಯ ಹೈಕೋರ್ಟಿನವರೆಗೂ ಹೋಯಿತು.

ಈ ಕೌನ್ಸಿಲ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಇಂಥದ್ದೊಂದು ಇಲ್ಲ ಅನ್ನುವುದು ನನ್ನ ಹೊಟ್ಟೆಕಿಚ್ಚು. 1985ರ ಡಾರ್ಟ್‌ಮೂರ್ ಕಾಮನ್ಸ್ ಕಾಯ್ದೆಯಿಂದ ಹುಟ್ಟಿದ್ದು ಇದು. ಬಹುಪಾಲು ಸದಸ್ಯರು ಕಾಮನರ್‌ಗಳೇ ಆರಿಸಿದವರು. ಜೊತೆಗೆ ನ್ಯಾಷನಲ್ ಪಾರ್ಕ್ ಕಡೆಯವರು, ಮಾಲೀಕರ ಕಡೆಯವರು, ಮತ್ತು ಒಬ್ಬ ಪಶುವೈದ್ಯರು. ಗುಡ್ಡ ಹಾಳಾಗದಂತೆ ನೋಡಿಕೊಳ್ಳುವುದು, ಸಾಕಾಣಿಕೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು, ಎರಡೂ ಅದರ ಕೆಲಸ, ಅದಕ್ಕೆ ನಿಯಮ ಮಾಡುವ ಅಧಿಕಾರವೂ ಇದೆ. ಹುಲ್ಲು ಮತ್ತು ಪ್ರಾಣಿ ಎರಡನ್ನೂ ಒಂದೇ ಕಾನೂನಿನಲ್ಲಿ, ಒಂದೇ ಮೇಜಿನ ಮೇಲೆ ಇಟ್ಟದ್ದು ನನಗೆ ದೊಡ್ಡ ಜಾಣತನ ಅನ್ನಿಸುತ್ತದೆ. ಹಾಗಂತ ಕೌನ್ಸಿಲ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ನೆರೆಯವನ ಮೇಲೆ ಕ್ರಮ ತೆಗೆದುಕೊಳ್ಳುವುದು ಯಾವ ಊರಿನಲ್ಲೂ ಸುಲಭ ಅಲ್ಲ, ನಾಳೆ ಅವನ ಟ್ರ್ಯಾಕ್ಟರ್ ಬೇಕಾಗುತ್ತದೆ. ಅಧಿಕಾರ ಇದ್ದೂ ಬಳಸದಿದ್ದರೆ ಹೊರಗಿನವರು ಕೋರ್ಟಿಗೆ ಹೋಗುವುದನ್ನು ತಪ್ಪು ಅನ್ನಲು ಆಗುವುದಿಲ್ಲ.

ಆದರೆ ಈ ವಾದ ವಿವಾದದಲ್ಲೆಲ್ಲ ಮಾತಿಗೆ ಬಾರದೆ ಉಳಿದದ್ದು ಪ್ರಾಣಿ. ಅದರ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಗುಡ್ಡದ ಕುರಿಗೆ ಬೇಲಿ ಇಲ್ಲ, ಆದರೆ ಎಲ್ಲೆ ಇದೆ. ತಾಯಿ ಎಲ್ಲಿ ಮೇದಳೋ, ಎಲ್ಲಿ ಗಾಳಿಗೆ ಮರೆಯಾಗಿ ನಿಂತಳೋ, ಎಲ್ಲಿ ನೀರು ಕುಡಿದಳೋ ಅದನ್ನು ಮರಿ ಅವಳ ಹಿಂದೆ ಓಡಾಡಿ ಕಲಿಯುತ್ತದೆ. ಅದು ತಾಯಿಯಾದಾಗ ತನ್ನ ಮರಿಗೆ ಕಲಿಸುತ್ತದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಇದಕ್ಕೆ 'ಹೆಫ್ಟ್' ಅನ್ನುತ್ತಾರೆ, ಡಾರ್ಟ್‌ಮೂರಿನ ಮಾತು 'ಲಿಯರ್'. ತಲೆಮಾರುಗಳ ಈ ಪಾಠದಿಂದಲೇ ಹತ್ತಾರು ಮನೆಯ ಮಂದೆಗಳು ಒಂದೇ ಬಯಲಿನಲ್ಲಿ ಅಷ್ಟಾಗಿ ಕಲೆಸಿಹೋಗದೆ ಬದುಕುತ್ತವೆ. 2001ರ ಕಾಲುಬಾಯಿ ಜ್ವರದಲ್ಲಿ ಬ್ರಿಟನ್‌ನಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು ಹಾಕಿದರು. ಡಾರ್ಟ್‌ಮೂರಿಗೂ ಅದು ತಟ್ಟಿತು. ಮಂದೆಯೇ ಹೋದ ಮೇಲೆ ಹೊಸ ಕುರಿ ಕೊಂಡು ತರಬಹುದು, ಆದರೆ ಸಂತೆಯಲ್ಲಿ ಕೊಂಡ ಕುರಿಗೆ ಗುಡ್ಡ ಗೊತ್ತಿರುವುದಿಲ್ಲ. ಅದನ್ನು ಕಲಿಸಲು ರೈತ ದಿನಾ ಬೆಳಿಗ್ಗೆ ಸಂಜೆ ಹೋಗಿ ಹಿಂದಕ್ಕೆ ಅಟ್ಟಬೇಕು, ಅದೂ ವರ್ಷಗಟ್ಟಲೆ.

ಆದ್ದರಿಂದ ಒಂದು ಮನೆಯವರು ಒಪ್ಪಂದಕ್ಕೆ ಸಹಿ ಹಾಕಿ ತಮ್ಮ ಮಂದೆಯನ್ನು ಪೂರ್ತಿ ಇಳಿಸಿಬಿಟ್ಟರೆ ಏನಾಗುತ್ತದೆ? ಗುಡ್ಡದ ಮೇಲೆ ಒಂದು ಖಾಲಿ ಜಾಗ ಆಗುತ್ತದೆ. ಪಕ್ಕದ ಮಂದೆ ಆ ಖಾಲಿಗೆ ಹರಿಯುತ್ತದೆ, ಅದರ ಪಕ್ಕದ್ದು ಇದರ ಜಾಗಕ್ಕೆ. ಕುರಿಗಳು ಗೊತ್ತಿಲ್ಲದ ಜಾಗದಲ್ಲಿ, ಮಂಜಿನಲ್ಲಿ, ಮರೆ ಎಲ್ಲಿದೆ ಅಂತ ತಿಳಿಯದೆ ಸಿಕ್ಕಿಕೊಳ್ಳುತ್ತವೆ, ರಸ್ತೆಗೆ ಬರುತ್ತವೆ. ಕಾಗದದ ಮೇಲೆ ಪ್ರಾಣಿ ಕಮ್ಮಿ ಆಗಿದೆ, ಗುಡ್ಡದ ಮೇಲೆ ಗೊಂದಲ ಜಾಸ್ತಿ ಆಗಿದೆ.

ಚಳಿಗಾಲದಲ್ಲಿ ಕೆಳಗಿಳಿಸಿ ಅನ್ನುವ ಮಾತನ್ನು ಹೆದರ್ ಇರುವ ಕಡೆ ನಾನು ಒಪ್ಪುತ್ತೇನೆ. ಆದರೆ ಎಲ್ಲಿಗೆ ಇಳಿಸುವುದು? ಗುಡ್ಡದ ರೈತನ ಸ್ವಂತ ಹೊಲ ಸಾಮಾನ್ಯವಾಗಿ ಚಿಕ್ಕದು. ಕೆಳನಾಡಿನಲ್ಲಿ ಹುಲ್ಲು ಬಾಡಿಗೆಗೆ ಹಿಡಿಯಬೇಕು, ಇಲ್ಲಾ ಕೊಟ್ಟಿಗೆ ಕಟ್ಟಬೇಕು. ಗಾಳಿ ಮಳೆಗೆ ಒಗ್ಗಿದ ಸ್ಕಾಟಿಷ್ ಬ್ಲ್ಯಾಕ್‌ಫೇಸ್ ಕುರಿಯನ್ನು ಗಾಳಿಯಾಡದ ಕೊಟ್ಟಿಗೆಯಲ್ಲಿ ತುಂಬಿದರೆ ನ್ಯುಮೋನಿಯಾ, ಕುಂಟು, ಎಲ್ಲ ಶುರು. ಇದಕ್ಕೆಲ್ಲ ಆಗುವ ಖರ್ಚು ಒಪ್ಪಂದದ ದುಡ್ಡಿನಲ್ಲಿ ಸೇರಿರಬೇಕು. ಮೇಲೆ ಬಿಟ್ಟರೂ ಸಮಸ್ಯೆ ಇದೆ. ಪ್ರಿನ್ಸ್‌ಟೌನ್ ಕಡೆ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ. ಒಣಹುಲ್ಲು ಕೊಂಡೊಯ್ದು ಒಂದೇ ಜಾಗದಲ್ಲಿ ಹಾಕಿದರೆ ಅಲ್ಲೇ ಎಲ್ಲ ಪ್ರಾಣಿ ಸೇರಿ ನೆಲ ಕೆಸರಾಗಿ ಹೋಗುತ್ತದೆ, ಹಾಕದಿದ್ದರೆ ಹಸಿವು. 2006ರ ಪ್ರಾಣಿ ಕ್ಷೇಮ ಕಾಯ್ದೆ ಇಲ್ಲಿ ಸಾಕುವವನ ಮೇಲೆ ಸ್ಪಷ್ಟವಾದ ಹೊಣೆ ಹೊರಿಸುತ್ತದೆ: ಸರಿಯಾದ ಆಹಾರ, ಸರಿಯಾದ ಜಾಗ, ತನ್ನ ಸಹಜ ರೀತಿಯಲ್ಲಿ ಬದುಕುವ ಅವಕಾಶ, ನೋವು ಕಾಯಿಲೆಯಿಂದ ರಕ್ಷಣೆ. ಒಂದು ಇಲಾಖೆಯ ಒಪ್ಪಂದ ಇನ್ನೊಂದು ಕಾಯ್ದೆಯ ಹೊಣೆಗೆ ಅಡ್ಡ ಬಂದಾಗ ನಡುವೆ ಸಿಕ್ಕಿಬೀಳುವುದು ರೈತ, ಒದ್ದೆಯಾಗಿ ನಿಲ್ಲುವುದು ಕುರಿ.

ಕಾಯಿಲೆ ಅಂದಾಗ ನೆನಪಾಯಿತು, ಮಲೆನಾಡಿನವರು ಇದನ್ನು ಗಮನಿಸಿ. ಗುಡ್ಡದ ಒರಟು ಹುಲ್ಲು, ಬ್ರ್ಯಾಕನ್ ಜರಿಗಿಡ ದಟ್ಟವಾದ ಕಡೆ ಉಣುಗು ಹೆಚ್ಚು. ಅವುಗಳಿಂದ ಕುರಿಗಳಿಗೆ 'ಲೂಪಿಂಗ್ ಇಲ್' ಎಂಬ ಮೆದುಳಿನ ಕಾಯಿಲೆ ಬರುತ್ತದೆ. ಆ ವೈರಸ್ ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ದಾಯಾದಿ, ಎರಡೂ ಉಣುಗಿನಿಂದ ಹರಡುವ ಒಂದೇ ಗುಂಪಿಗೆ ಸೇರಿದವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆಯ ನೆಂಟ ಇಲ್ಲಿ ಕುರಿಯ ಮೈಮೇಲೆ ಇದ್ದಾನೆ. ಮೂರ್‌ನಲ್ಲಿ ನಡೆದಾಡಿ ಬಂದ ಮೇಲೆ ನೀವೂ ಕಾಲು ನೋಡಿಕೊಳ್ಳಿ, ಇಲ್ಲಿನ ಉಣುಗಿನಿಂದ ಮನುಷ್ಯರಿಗೆ ಲೈಮ್ ಕಾಯಿಲೆ ಬರಬಹುದು.

ಕುದುರೆಗಳ ಪಾಡು ಇನ್ನೊಂದು ಥರ. ಹಿಂದೆ ಗಣಿ ಕೆಲಸಕ್ಕೆ, ಹೊರೆ ಹೊರಲು ಬೇಕಾಗುತ್ತಿದ್ದವು. ಈಗ ಅವುಗಳಿಗೆ ಮಾರ್ಕೆಟ್ಟೇ ಇಲ್ಲದಂತಾಗಿದೆ, ಗುಡ್ಡದ ಮರಿ ತೀರಾ ಅಗ್ಗಕ್ಕೆ ಹೋಗುತ್ತದೆ, ಕೆಲವಕ್ಕೆ ಕೊಳ್ಳುವವರೇ ಇರುವುದಿಲ್ಲ. ಅವುಗಳ ಕಥೆ ಕಸಾಯಿಖಾನೆಯಲ್ಲಿ ಮುಗಿಯುತ್ತದೆ. ಕುದುರೆ ಸಾಕುವವರು ಹೆಚ್ಚಾಗಿ ಅಭಿಮಾನಕ್ಕೆ ಸಾಕುತ್ತಿದ್ದಾರೆ, ನಷ್ಟದಲ್ಲೇ. ಆದರೆ ಮೊಲಿನಿಯಾಗೆ ಬೇಕಾದ ಪ್ರಾಣಿ ಇದೇ! ನ್ಯಾಷನಲ್ ಪಾರ್ಕಿನ ಲಾಂಛನದಲ್ಲಿ ಇದರ ಚಿತ್ರ, ಅಂಗಡಿಯ ಮಗ್ಗಿನ ಮೇಲೆ ಇದರ ಚಿತ್ರ, ನಮ್ಮ ಫೋಟೋದಲ್ಲೂ ಇದು. ಎಲ್ಲರೂ ಇದರಿಂದ ಏನೋ ಒಂದು ಪಡೆಯುತ್ತಾರೆ, ಸಾಕುವವನು ಬಿಟ್ಟು. ಹೆಕ್ಟೇರಿಗೆ ಎಷ್ಟು ಪ್ರಾಣಿ ಇಳಿಸಿದೆ ಅಂತ ಲೆಕ್ಕ ಹಾಕಿ ದುಡ್ಡು ಕೊಡುವ ಬದಲು, ಬೇಸಿಗೆಯಲ್ಲಿ ಎಷ್ಟು ಕುದುರೆ, ಎಷ್ಟು ದನವನ್ನು ಮೊಲಿನಿಯಾ ಇರುವ ಕಡೆ ಮೇಯಿಸಿದೆ, ಅವು ಎಷ್ಟು ಆರೋಗ್ಯವಾಗಿವೆ ಅಂತ ನೋಡಿ ಕೊಡಬೇಕು. ಪಶುವೈದ್ಯರ ಖರ್ಚು, ಕಾಯುವ ಕೂಲಿ ಅದರಲ್ಲೇ ಸೇರಬೇಕು. ಕಾಯುವುದೂ ಒಂದು ಕೆಲಸ ಅಂತ ಒಪ್ಪಿಕೊಂಡರೆ ಅರ್ಧ ಜಗಳ ಕರಗುತ್ತದೆ ಅಂತ ನನ್ನ ನಂಬಿಕೆ.

ಇಂಥ ವಿಚಾರ ನನಗೆ ಯಾಕೆ ಅಂತ ಕೇಳುತ್ತೀರಿ. ನಮ್ಮ ತಾತನ ಊರು ಅಜ್ಜಂಪುರದ ಕಡೆ. ಅಮೃತಮಹಲ್ ತಳಿಯ ಕೇಂದ್ರ ಇರುವುದು ಅಲ್ಲೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗಾಗಿ ಮೈಸೂರು ಸೀಮೆಯ ತುಂಬ ಕಾವಲುಗಳಿದ್ದವು. ಆ ಕಾವಲುಗಳನ್ನು ವಿಂಗಡಿಸಿದ್ದು ಹೇಗೆ ಗೊತ್ತಾ? ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಕೆರೆ ಹತ್ತಿರದ ಜಾಗ ಬೇಸಿಗೆಗೆ, ಮಳೆ ಬಿದ್ದ ಕೂಡಲೆ ಚಿಗುರುವ ಬಯಲು ಮಳೆಗಾಲಕ್ಕೆ. ದನ ಸುತ್ತುತ್ತಿತ್ತು, ಹುಲ್ಲು ಉಸಿರಾಡುತ್ತಿತ್ತು. ಫರ್ಸ್‌ಡನ್ ವರದಿಯ ಸುದ್ದಿ ಓದುವಾಗ ನನಗೆ ನೆನಪಾದದ್ದು ಇದೇ. ಇಲ್ಲಿ ದೊಡ್ಡ ಸಮಿತಿ ಕೂತು ತಲುಪಿದ ಜಾಗಕ್ಕೆ ನಮ್ಮ ಹಳೇ ದನ ಕಾಯುವವರು ಎಂದೋ ತಲುಪಿದ್ದರು.

ಹಾಗಂತ ನಮ್ಮದೇ ಶ್ರೇಷ್ಠ ಅಂತ ಬೀಗುವ ಹಾಗಿಲ್ಲ. ಕರ್ನಾಟಕದ ಭೂಕಂದಾಯ ನಿಯಮದ ಪ್ರಕಾರ ನೂರು ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇಡಬೇಕು. ನಿಮ್ಮ ಊರಿನಲ್ಲಿ ಇದೆಯಾ, ಅಪ್ಪನಿಗೆ ಫೋನ್ ಮಾಡಿದಾಗ ಕೇಳಿ ನೋಡಿ. ಸೈಟು, ಸ್ಮಶಾನ, ಸಮುದಾಯ ಭವನ, ಬಗರ್‌ಹುಕುಂ ಅಂತ ಕರಗಿ ಹೋಗಿ ಎಷ್ಟೋ ಕಡೆ ಉಳಿದಿರುವುದು ಸರ್ವೇ ನಂಬರ್ ಮಾತ್ರ. ಚಳ್ಳಕೆರೆ ಕಡೆ ಸಾವಿರಾರು ಎಕರೆ ಕಾವಲು ರಕ್ಷಣಾ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳ ಪಾಲಾಯಿತು, ಕುರಿ ಕಾಯುವವರು ಒಂದು ದಿನ ಹೋಗಿ ನೋಡಿದರೆ ಎದುರಿಗೆ ಗೋಡೆ. ನಮ್ಮಲ್ಲಿ ಇಂಥ ಜಾಗಕ್ಕೆ ದಾಖಲೆಯ ಭಾಷೆಯಲ್ಲಿ ಎಷ್ಟೋ ಸಲ 'ಪಾಳು' ಅಂತ ಹೆಸರು. ಇಲ್ಲಿ ಅದೇ ಥರದ ಜಾಗದಲ್ಲಿ ಒಂದು ಗಿಡ ಕಮ್ಮಿಯಾದರೂ ಕೋರ್ಟಿಗೆ ಹೋಗುತ್ತಾರೆ. ಜಗಳ ಆಡುವಷ್ಟಾದರೂ ಬೆಲೆ ಇದೆಯಲ್ಲ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಇನ್ನು ನಮ್ಮ ವಿಚಾರ. 1985ರ ಅದೇ ಕಾಯ್ದೆ ಸಾರ್ವಜನಿಕರಿಗೆ ಕಾಮನ್ ಮೇಲೆ ಓಡಾಡುವ ಹಕ್ಕು ಕೊಟ್ಟಿದೆ. ಅಲ್ಲಿ ಟೆಂಟ್ ಹಾಕಿ ರಾತ್ರಿ ಉಳಿಯುವುದೂ ಆ ಹಕ್ಕಿನೊಳಗೇ ಬರುತ್ತದೆ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೇದೇ ಆಯಿತು, ನನಗೂ ಖುಷಿ. ಆದರೆ ನಾವು ಉಳಿಯುವ ಜಾಗ ಯಾರದೋ ಪ್ರಾಣಿಯ ಮನೆ. ಕುದುರೆಗೆ ಚಿಪ್ಸ್, ಬ್ರೆಡ್ ತಿನ್ನಿಸುವುದು ಬೈಲಾ ಪ್ರಕಾರ ಅಪರಾಧ, ಯಾಕೆಂದರೆ ತಿನಿಸಿನ ರುಚಿ ಹತ್ತಿದ ಕುದುರೆ ಕಾರು ನಿಲ್ಲುವ ರಸ್ತೆ ಬದಿಗೆ ಬಂದು ನಿಲ್ಲುತ್ತದೆ. ಮೂರ್ ಮೇಲಿನ ತೆರೆದ ರಸ್ತೆಗಳಲ್ಲಿ ಗಂಟೆಗೆ 40 ಮೈಲಿ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ, ಆದರೂ ಪ್ರತಿ ವರ್ಷ ಕಾರಿಗೆ ಸಿಕ್ಕಿ ಸಾಯುವ ಕುರಿ, ಕುದುರೆ, ಕರುಗಳಿಗೆ ಕಮ್ಮಿ ಇಲ್ಲ. ರಾತ್ರಿ ಹೊತ್ತು ಕಪ್ಪು ಗ್ಯಾಲೋವೇ ದನ ಟಾರ್ ರಸ್ತೆಯ ಮೇಲೆ ಬೆಚ್ಚಗೆ ಮಲಗಿರುತ್ತದೆ, ಹೆಡ್‌ಲೈಟಿಗೂ ಬೇಗ ಕಾಣುವುದಿಲ್ಲ. ನಾಯಿ ಇರುವ ಹೌಸ್‌ಮೇಟ್ ಜೊತೆ ಹೋಗುವವರಿಗೆ: ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಹಗ್ಗ ಇರಲೇಬೇಕು, ಪ್ರಾಣಿಗಳ ಹತ್ತಿರ ಇದ್ದಾಗ ವರ್ಷವಿಡೀ ಇರಬೇಕು. ಗಬ್ಬದ ಕುರಿ ಓಡಿ ಬೆದರಿದರೆ ನಾಯಿ ಕಚ್ಚದಿದ್ದರೂ ಮರಿ ಹೋಗಬಹುದು.

ಮತ್ತೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆಗಳಾದ ನಾವು, ಸ್ಟೂಡೆಂಟ್ ವೀಸಾದಲ್ಲಿದ್ದರೂ, ಇಲ್ಲಿ ವಾಸವಿದ್ದು ಹೆಸರು ನೋಂದಾಯಿಸಿಕೊಂಡರೆ ಲೋಕಲ್ ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು. ಗುಡ್ಡದ ರೈತರಿಗೆ ಯಾವುದಕ್ಕೆ ದುಡ್ಡು ಕೊಡಬೇಕು ಅಂತ ತೀರ್ಮಾನ ಆಗುವುದು ಅಲ್ಲೇ. ಬ್ರೆಕ್ಸಿಟ್ ಆದ ಮೇಲೆ ಹಳೇ ಸಬ್ಸಿಡಿ ವರ್ಷ ವರ್ಷ ಕಡಿಮೆಯಾಗುತ್ತಾ ಬಂತು. ಅದರ ಬದಲಿಗೆ ಬಂದ ಮುಖ್ಯ ಯೋಜನೆಗೆ 2025ರ ಮಾರ್ಚ್‌ನಲ್ಲಿ ಹೊಸ ಅರ್ಜಿಗಳನ್ನು ದಿಢೀರ್ ಅಂತ ನಿಲ್ಲಿಸಿದರು. ಐದು ವರ್ಷಕ್ಕೊಮ್ಮೆ ನಿಯಮ ಬದಲಾದರೆ ತಲೆಮಾರುಗಳಲ್ಲಿ ಗುಡ್ಡ ಕಲಿಯುವ ಮಂದೆಯನ್ನು ಯಾರು ಕಟ್ಟುತ್ತಾರೆ? ಮುಂದಿನ ಸಲ ನಿಮ್ಮ ಮನೆ ಬಾಗಿಲಿಗೆ ವೋಟು ಕೇಳಲು ಯಾರಾದರೂ ಬಂದರೆ, ವೀಸಾ ಫೀಸು, ಮನೆ ಬಾಡಿಗೆ ಬಗ್ಗೆ ಕೇಳಿದ ಮೇಲೆ ಇದನ್ನೂ ಕೇಳಿ: ಡಾರ್ಟ್‌ಮೂರಿನಲ್ಲಿ ಬೇಸಿಗೆಗೆ ದನ ಕುದುರೆ ಮೇಯಿಸುವವರಿಗೆ, ಚಳಿಗಾಲಕ್ಕೆ ಕುರಿ ಇಳಿಸುವವರಿಗೆ ಹತ್ತು ವರ್ಷದ ಒಪ್ಪಂದ ಕೊಡುತ್ತೀರಾ ಇಲ್ಲವಾ? ಉತ್ತರ ಏನು ಬಂತು ಅಂತ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ.